ಪಿಂಚಣಿ ಮೇಲೆ ಪರದೇಶಕ್ಕೆ ಹೋದ ಕನ್ನಡನಾಡಿನ ದೊರೆ

ಭಾಗ 1

ಹೋದ ವಾರ ಹುನ್ನೂರಿಂದ ಜಮಖಂಡಿಗೆ ಹೋಗೋ ಬಸ್ಸಿನಾಗ ನಮ್ಮ ಕ್ಲಾಸಿನ ಗೆಳೆಯ ಒಂದು ರೀಲ್ ತೋರಿಸಿದ. ಸಮುದ್ರದ ದಂಡಿ, ಎಳನೀರು, ಬಿಳಿ ಗಡ್ಡದ ಒಬ್ಬ ಮನುಷ್ಯ ಆರಾಮ ಕುಂತಾನ. ಐವತ್ತಾದ ಮ್ಯಾಲ ಥೈಲ್ಯಾಂಡಿಗೆ ಬರ್ರಿ, ದುಡಿಯೋದು ಬ್ಯಾಡ, ಪ್ಯಾಸಿವ್ ಇನ್‌ಕಮ್ ಇದ್ರ ಸಾಕು ಅಂತ ಹೇಳ್ತಾನ. ನಮ್ಮ ಗೆಳೆಯ ಆಗಲೇ ಎಫ್‌ಡಿ ಬಡ್ಡಿ ಲೆಕ್ಕ ಹಾಕಾಕ ಹತ್ತಿದ್ದ. ವಯಸ್ಸು ಇಪ್ಪತ್ತು, ಇನ್ನೂ ಬಿಕಾಂ ಮುಗಿದಿಲ್ಲ, ರಿಟೈರ್‌ಮೆಂಟ್ ಪ್ಲ್ಯಾನ್ ರೆಡಿ!

ರೀಲ್ ಸುಳ್ಳೇನಲ್ಲ. ಥೈಲ್ಯಾಂಡಿನ ನಿವೃತ್ತಿ ವೀಸಾಕ್ಕೆ 50 ವರ್ಷ ತುಂಬಿರಬೇಕು. ಅಲ್ಲಿನ ಬ್ಯಾಂಕಿನಲ್ಲಿ 8 ಲಕ್ಷ ಬಾತ್ ಇಡಬೇಕು, ಇಲ್ಲಾಂದ್ರ ತಿಂಗಳಿಗೆ 65,000 ಬಾತ್ ಆದಾಯ ತೋರಿಸಬೇಕು. ಪೋರ್ಚುಗಲ್ಲಿನ ಡಿ7 ವೀಸಾ ಅಂದ್ರ ಅಲ್ಲಿನ ಕನಿಷ್ಠ ವೇತನದಷ್ಟಾದರೂ ಆದಾಯ ಕೂತಲ್ಲೇ ಬರ್ತಿರಬೇಕು. 2025ರಲ್ಲಿ ಅದು ತಿಂಗಳಿಗೆ 870 ಯೂರೋ. ಸ್ಪೇನ್ ತನ್ನ ಇಂಥ ವೀಸಾಕ್ಕೆ ಇಟ್ಟ ಹೆಸರೇ 'ಗಳಿಕೆ ಇಲ್ಲದ ವಾಸ' ಅಂತ. ಬರ್ರಿ, ಖರ್ಚು ಮಾಡ್ರಿ, ಆದ್ರ ನಮ್ಮ ನೆಲದಾಗ ದುಡೀಬ್ಯಾಡ್ರಿ.

ರೀಲಿನಲ್ಲಿ ಹೇಳದ ಒಂದು ಮಾತು ಐತಿ. ಥೈಲ್ಯಾಂಡಿನಲ್ಲಿ ಹಾಗೆ ಇರೋರು 90 ದಿನಕ್ಕೊಮ್ಮೆ ತಾವು ಎಲ್ಲಿ ಇದ್ದೀವಿ ಅಂತ ವಲಸೆ ಕಚೇರಿಗೆ ವರದಿ ಕೊಡಬೇಕು. ಇದನ್ನ ಓದಿದಾಗ ನನಗೆ ಇತಿಹಾಸದ ಪುಸ್ತಕದಾಗಿನ ಕೆಲವರು ನೆನಪಾದರು. ಅವರಿಗೂ ದುಡಿಯದೇ ಹಣ ಬರ್ತಿತ್ತು. ಅವರೂ ಎಲ್ಲಿರಬೇಕು ಅನ್ನೋದನ್ನ ಬ್ಯಾರೆಯವರು ಬರೆದುಕೊಡ್ತಿದ್ದರು. ಅವರಲ್ಲಿ ಒಬ್ಬ ನಮ್ಮ ಕನ್ನಡನಾಡಿನ ರಾಜ. ಪಿಂಚಣಿ ತಗೊಂತಾ 1852ರಲ್ಲೇ ಲಂಡನ್ನಿಗೆ ಹೋಗಿ ಕುಂತಾಂವ, ಅಲ್ಲೇ ಸತ್ತಾಂವ. ಈ ಸೀರೀಸ್ ಅವನದು. ಆದ್ರ ಶುರು ನಮ್ಮೂರ ಬಾಜೂಕಿಂದ ಮಾಡ್ತೀನಿ.

ಭಾಗ 2

ಫೋಟೋದಾಗ ಕಾಣೋದು ಜಮಖಂಡಿಯ ರಾಮತೀರ್ಥ. ಪಟವರ್ಧನ ರಾಜರ ಅರಮನೆ ಇರೋ ಗುಡ್ಡ. ನಾವೆಲ್ಲ ಫೋಟೋ ತೆಗೆಸಿಕೊಳ್ಳಾಕ ಹೋಗ್ತೀವಿ, ಅದು ಯಾರ ಮನಿ ಅಂತ ಕೇಳೋದಿಲ್ಲ.

ಪಟವರ್ಧನರು ಪುಣೆಯ ಪೇಶ್ವೆಗಳ ಸರದಾರರು. 1811ರ ಹೊತ್ತಿಗೆ ಅವರ ಮನೆತನ ಭಾಗ ಆದಾಗ ಜಮಖಂಡಿ ಬ್ಯಾರೆ ಸಂಸ್ಥಾನ ಆಯ್ತು. ಆಗ ಪುಣೆಯಲ್ಲಿ ಇದ್ದಾಂವ ಎರಡನೇ ಬಾಜೀರಾವ್. ಪಟವರ್ಧನರಿಗೂ ಅವನಿಗೂ ಮೊದಲಿಂದ ಆಗಿಬರ್ತಿರಲಿಲ್ಲ. ಮುಂದೆ ಇಂಗ್ಲಿಷರ ಕೂಡ ಯುದ್ಧ ಹೂಡಿದ, ಸೋತ, ಊರೂರು ಓಡ್ಯಾಡಿದ, ಕೊನೆಗೆ 1818ರ ಜೂನ್‌ನಲ್ಲಿ ಜಾನ್ ಮಾಲ್ಕಮ್ ಮುಂದೆ ಶರಣಾದ.

ಆಗಿನ ಕರಾರು ನೋಡ್ರಿ. ರಾಜ್ಯದ ಹಕ್ಕು ಪೂರ್ತಿ ಬಿಡಬೇಕು. ದಖ್ಖನ್ ಬಿಟ್ಟು ಹೋಗಬೇಕು. ಕಾನ್ಪುರದ ಹತ್ತಿರ ಗಂಗಾ ದಂಡಿಯ ಬಿಠೂರಿನಾಗ ಇರಬೇಕು. ಇದಕ್ಕೆ ಬದಲಾಗಿ ವರ್ಷಕ್ಕೆ 8 ಲಕ್ಷ ರೂಪಾಯಿ. (ಥೈಲ್ಯಾಂಡಿಗೂ 8 ಲಕ್ಷ, ಬಾಜೀರಾವನಿಗೂ 8 ಲಕ್ಷ! ಏನೂ ಸಂಬಂಧ ಇಲ್ಲ, ಸುಮ್ಮನೆ ಹೇಳಿದೆ.) ಇಷ್ಟು ರೊಕ್ಕ ಯಾಕ ಒಪ್ಪಿಕೊಂಡಿ ಅಂತ ಮಾಲ್ಕಮ್‌ನನ್ನ ಅವನ ಮಂದಿನೇ ಬೈದರು. ಬಾಜೀರಾವ್ ಬಹಳ ದಿನ ಬದುಕೋದಿಲ್ಲ ಬಿಡು ಅಂತ ಅವರಿಗೆ ಒಂದು ಸಮಾಧಾನ ಇತ್ತು. ಅಂವ 1851ರ ತನಕ ಇದ್ದ! 32 ವರ್ಷ ಹಿಡಿದರೂ ಎರಡೂವರೆ ಕೋಟಿ ದಾಟ್ತೈತಿ. ವಿಮಾ ಕಂಪನಿಯವರು ಇದನ್ನ ಕೇಳಿದರ ನಿದ್ದಿ ಬರೋದಿಲ್ಲ. ನಮ್ಮ ಪುಸ್ತಕದಾಗ ಆನ್ಯುಟಿ ಅಂತ ಒಂದು ಪಾಠ ಐತಲ್ಲ, ಅದರ ಅಪಾಯ ಅಂದ್ರ ಇದೇ: ಕೊಡೋನ ಲೆಕ್ಕಕ್ಕಿಂತ ತಗೊಳ್ಳೋನು ಹೆಚ್ಚು ಬಾಳೋದು.

ಅಂವ ಸತ್ತ ಕೂಡಲೇ ಪಿಂಚಣಿ ಬಂದ್. ದತ್ತುಮಗ ನಾನಾಸಾಹೇಬ ಕೇಳಿದಾಗ, ಅದು ಬಾಜೀರಾವನ ಜೀವ ಇರೋತನಕ ಮಾತ್ರ ಅಂತ ಡಾಲ್‌ಹೌಸಿಯ ಸರ್ಕಾರ ಹೇಳಿತು. ನಾನಾಸಾಹೇಬ ಅಜೀಮುಲ್ಲಾ ಖಾನ್‌ನನ್ನ ಲಂಡನ್ನಿಗೆ ಕಳಿಸಿದ, ಅಲ್ಲೂ ಆಗಲಿಲ್ಲ. 1857ರಲ್ಲಿ ಕಾನ್ಪುರದಲ್ಲಿ ಏನಾಯ್ತು ಅನ್ನೋದು ಎಲ್ಲರಿಗೂ ಗೊತ್ತು. ದಂಗೆಗೆ ಕಾರಣ ಪಿಂಚಣಿ ಒಂದೇ ಅಂತ ನಾ ಹೇಳ್ತಿಲ್ಲ. ಆದ್ರ ಆ ಮನಿಯ ಸಿಟ್ಟಿನ ಬೇರು ಅಲ್ಲೈತಿ.

ಭಾಗ 3

ಕನ್ನಡನಾಡಿನಾಗ ಹಿಂಗ ಪಿಂಚಣಿ ಕೊಟ್ಟು ದೂರ ಕಳಿಸಿದ್ದು ಮೊದಲು ಟಿಪ್ಪುವಿನ ಮಕ್ಕಳನ್ನ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅವರನ್ನ ವೇಲೂರು ಕೋಟೆಯಲ್ಲಿ ಇಟ್ಟರು. 1806ರಲ್ಲಿ ಅಲ್ಲಿ ಸಿಪಾಯಿಗಳು ದಂಗೆ ಎದ್ದದ್ದೇ ತಡ, ಇನ್ನೂ ದೂರ, ಕಲ್ಕತ್ತಾಕ್ಕೆ. ಇವತ್ತಿಗೂ ಅಲ್ಲಿ ಪ್ರಿನ್ಸ್ ಅನ್ವರ್ ಷಾ ಹೆಸರಿನ ರಸ್ತೆ ಐತಿ. ಆ ಮನೆತನದ ಹೆಸರೇ ಅದು.

ಎರಡನೇದು ಕೊಡಗು. ಚಿಕ್ಕವೀರರಾಜೇಂದ್ರ. ಹಾಲೇರಿ ವಂಶದ ಕೊನೆಯ ದೊರೆ. 1820ರಲ್ಲಿ ಪಟ್ಟಕ್ಕೆ ಬಂದ, ಆಗಿನ್ನೂ ಹುಡುಗ.

ನಮ್ಮಲ್ಲಿ ಬಹಳ ಮಂದಿಗೆ ಈ ರಾಜ ಗೊತ್ತಿರೋದು ಮಾಸ್ತಿಯವರ 'ಚಿಕವೀರ ರಾಜೇಂದ್ರ' ಕಾದಂಬರಿಯಿಂದ. 1956ರಲ್ಲಿ ಬಂದದ್ದು. 1983ರ ಜ್ಞಾನಪೀಠ ಬಂದಾಗ ಎದ್ದು ಕಂಡದ್ದೂ ಅದೇ ಪುಸ್ತಕ. ಅದು ಕಾದಂಬರಿ, ದಾಖಲೆ ಅಲ್ಲ, ಅದನ್ನ ನೆನಪಿಡಬೇಕು. ಆದ್ರೂ ಇಂವ ಒಳ್ಳೆ ರಾಜ, ಇಂಗ್ಲಿಷರು ಮೋಸ ಮಾಡಿದರು ಅಂತ ಸರಳ ಕಥೆ ಬರೆಯಾಕ ನನಗೆ ಮನಸ್ಸಿಲ್ಲ. ರಕ್ತಸಂಬಂಧಿಗಳನ್ನೇ ಕೊಲ್ಲಿಸಿದ ಅನ್ನೋ ಆರೋಪ ಅವನ ಮೇಲಿತ್ತು. 1832ರಲ್ಲಿ ಅವನ ತಂಗಿ ದೇವಮ್ಮಾಜಿ ಮತ್ತು ಆಕೆಯ ಗಂಡ ಚೆನ್ನಬಸವ ಜೀವ ಉಳಿಸಿಕೊಳ್ಳಾಕ ಓಡಿಹೋಗಿ ಮೈಸೂರಿನ ಇಂಗ್ಲಿಷರ ಆಸರೆ ಬೇಡಿದರು. ಅವರನ್ನ ವಾಪಸ್ ಕೊಡ್ರಿ ಅಂತ ಇಂವ, ಕೊಡೋದಿಲ್ಲ ಅಂತ ಅವರು. ಕಂಪನಿಗೆ ಬೇಕಾಗಿದ್ದ ನೆಪ ಸಿಕ್ಕಿತು.

1834ರ ಏಪ್ರಿಲ್‌ನಲ್ಲಿ ಕಂಪನಿಯ ಸೈನ್ಯ ಕೊಡಗಿನೊಳಗೆ ಬಂತು. ಕೆಲವು ಕಡೆ ಕೊಡವರು ಜೋರಾಗೇ ಹೊಡೆದಾಡಿದರು. ಆದ್ರ ರಾಜ ಶರಣಾದ. ಮೇ 7ಕ್ಕೆ ಕೊಡಗು ಕಂಪನಿಯದು ಅಂತ ಘೋಷಣೆ ಹೊರಟಿತು. ರಾಜನನ್ನ ಬೆಂಗಳೂರು, ವೇಲೂರು ದಾರಿ ಹಿಡಿಸಿ ಕಾಶಿಗೆ ಕಳಿಸಿದರು. ಅಲ್ಲಿ ಪಿಂಚಣಿ, ಅಲ್ಲೇ ವಾಸ. ಮಡಿಕೇರಿಗೆ ಹೋದೋರು ಗದ್ದಿಗೆ ನೋಡಿರ್ತೀರಿ. ದೊಡ್ಡವೀರರಾಜೇಂದ್ರನ ಗದ್ದಿಗೆ ಐತಿ, ಲಿಂಗರಾಜನದು ಐತಿ. ಈ ಕೊನೆಯವನದು ಇಲ್ಲ.

ಭಾಗ 4

ಇದು ಸಣ್ಣ ಪೋಸ್ಟ್, ಆದ್ರ ಬಿಕಾಂ ಮಂದಿ ಸ್ಕಿಪ್ ಮಾಡಬ್ಯಾಡ್ರಿ.

ಪಿಂಚಣಿ ಅಷ್ಟೇ ಇವನ ಆದಾಯ ಆಗಿದ್ದರ ಕಥೆ ಕಾಶಿಯೊಳಗೇ ಮುಗೀತಿತ್ತು. ಇನ್ನೊಂದು ಗಂಟು ಇತ್ತು. ಟಿಪ್ಪು ವಿರುದ್ಧದ ಯುದ್ಧಗಳಲ್ಲಿ ದೊಡ್ಡವೀರರಾಜೇಂದ್ರ ಕಂಪನಿಯ ಗೆಳೆಯ. ಕೊಡಗಿನ ಅರಮನೆಯ ಹಣ ಕಂಪನಿಯ ಪ್ರಾಮಿಸರಿ ನೋಟಿನೊಳಗೆ ಬಡ್ಡಿಗೆ ಕುಂತಿತ್ತು. ಅಂದ್ರ ಕಂಪನಿ ಸಾಲಗಾರ, ಕೊಡಗಿನ ರಾಜ ಸಾಲ ಕೊಟ್ಟಾಂವ. ಇವತ್ತಿನ ಮಾತಿನಾಗ ಸರ್ಕಾರಿ ಬಾಂಡ್, ಅಪ್ಪಟ ಪ್ಯಾಸಿವ್ ಇನ್‌ಕಮ್.

ಪ್ರಾಮಿಸರಿ ನೋಟ್ ಅಂದ್ರ ಏನು? ಪರೀಕ್ಷೆಯಲ್ಲಿ ನಾವು ಬರೀತೀವಿ: ಇಷ್ಟು ಹಣ ಕೊಡ್ತೀನಿ ಅಂತ ಷರತ್ತಿಲ್ಲದೆ ಬರೆದು ಸಹಿ ಮಾಡಿದ ಮಾತು. 1881ರ ಕಾಯ್ದೆ, ನಾಲ್ಕನೇ ಕಲಂ. ಐದು ಮಾರ್ಕಿನ ಪ್ರಶ್ನೆ.

1834ರಲ್ಲಿ ಕಂಪನಿ ರಾಜ್ಯದ ಜೊತಿಗೆ ಈ ನೋಟುಗಳನ್ನೂ ಕಿತ್ತುಕೊಂಡಿತು. ತಾನೇ ಬರೆದುಕೊಟ್ಟ ಸಾಲಪತ್ರವನ್ನ ತಾನೇ ಯುದ್ಧದಾಗ ಗೆದ್ದುಕೊಂಡಿತು! ನಮ್ಮೂರ ಕಡೆ ಯಾರರ ಹಿಂಗ ಮಾಡಿದ್ದರ ಪಂಚರ ಮುಂದೆ ಕುಂದ್ರಸ್ತಿದ್ದರು.

ಭಾಗ 5

ಹದಿನೆಂಟು ವರ್ಷ ಕಾಶಿಯ ಕಡೆ ಕಳೆದ ಮೇಲೆ, 1852ರಲ್ಲಿ ಚಿಕ್ಕವೀರರಾಜೇಂದ್ರ ಹಡಗು ಹತ್ತಿದ. ಹಂಗ ಸುಮ್ಮನೆ ಹೋಗೋ ಹಾಗಿರಲಿಲ್ಲ, ಸರ್ಕಾರದ ಒಪ್ಪಿಗೆ ಬೇಕಿತ್ತು. ಮಗಳಿಗೆ ಇಂಗ್ಲೆಂಡಿನಲ್ಲಿ ವಿದ್ಯೆ ಕೊಡಿಸಬೇಕು, ಆಕೆ ಕ್ರಿಶ್ಚಿಯನ್ ಆಗಿ ಬೆಳೀಬೇಕು ಅಂತ ಕೇಳಿದ. ಅಂಥ ಕಾರಣಕ್ಕೆ ಇಲ್ಲ ಅನ್ನೋದು ಆ ಕಾಲದ ಸಾಹೇಬರಿಗೆ ಕಷ್ಟ. ನನಗನಿಸೋದು, ಇಂವ ಅವರ ನಾಡಿ ಹಿಡಿದಿದ್ದ.

ಮಗಳು ಗೌರಮ್ಮ. ಹುಟ್ಟಿದ್ದು 1841ರಲ್ಲಿ, ಕಾಶಿಯಲ್ಲಿ. ಅಪ್ಪನ ಕೂಡ ಬಂದಾಗ ಹನ್ನೊಂದು ವರ್ಷದ ಕೂಸು. ಅದೇ ವರ್ಷ ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ದೀಕ್ಷಾಸ್ನಾನ ಆಯ್ತು, ವಿಕ್ಟೋರಿಯಾ ರಾಣಿನೇ ಧರ್ಮಮಾತೆ ಆಗಿ ನಿಂತು ತನ್ನ ಹೆಸರನ್ನ ಆಕೆಗೆ ಕೊಟ್ಟಳು. ವಿಕ್ಟೋರಿಯಾ ಗೌರಮ್ಮ. ಈ ಪೋಸ್ಟಿನ ಎರಡನೇ ಚಿತ್ರ ನೋಡ್ರಿ, ವಿಂಟರ್‌ಹಾಲ್ಟರ್ ಅನ್ನೋ ಚಿತ್ರಗಾರ ಬರೆದದ್ದು. ರಾಜಮನೆತನದವರನ್ನ ಬರೆಯೋ ದೊಡ್ಡ ಕಲಾವಿದ. ಹುಡುಗಿ ಮೈಮೇಲೆ ಆಭರಣ ಅದಾವ, ಮುಖದಾಗ ನಗು ಇಲ್ಲ. ಬಹುಶಃ ಕೂತು ಕೂತು ಬ್ಯಾಸರಾಗಿತ್ತೇನೋ, ನಾನೇ ಹೆಚ್ಚಿಗೆ ಕಲ್ಪನೆ ಮಾಡ್ಕೊಳ್ಳೋದು ಬ್ಯಾಡ.

ಮುಂದಿನ ಮಾತು ನನಗ ಸುಮಾರು ದಿನ ಕಾಡಿತು. ಮಗಳನ್ನ ಇಂಗ್ಲಿಷ್ ಮನೆಗಳಲ್ಲಿ ಇಟ್ಟು ಬೆಳೆಸಿದರು. ಅಪ್ಪ ಅದೇ ದೇಶದಾಗ ಇದ್ದರೂ ಬ್ಯಾರೆ ಮನಿ. ಅಪ್ಪನ ಸಹವಾಸ ಆಕೆಗೆ ಒಳ್ಳೇದಲ್ಲ ಅನ್ನೋದು ಸುತ್ತಲಿನವರ ಅಭಿಪ್ರಾಯ. ಪಂಜಾಬಿನ ದಲೀಪ್ ಸಿಂಗ್‌ಗೆ ಆಕೆಯನ್ನ ಕೊಡಬೇಕು ಅನ್ನೋದು ರಾಣಿಯ ಆಸೆ ಆಗಿತ್ತು, ಅಂವ ಒಪ್ಪಲಿಲ್ಲ. 1860ರಲ್ಲಿ ಕರ್ನಲ್ ಜಾನ್ ಕ್ಯಾಂಪ್‌ಬೆಲ್ ಜೊತೆ ಮದುವೆ ಆಯ್ತು, ವಯಸ್ಸಿನಾಗ ಆಕೆಗಿಂತ ಬಹಳ ದೊಡ್ಡಾಂವ. ಒಂದು ಹೆಣ್ಣುಮಗು. 1864ರಲ್ಲಿ ಗೌರಮ್ಮ ತೀರಿಕೊಂಡಳು, ಕ್ಷಯರೋಗ. ಲಂಡನ್ನಿನ ಬ್ರಾಂಪ್ಟನ್ ಸ್ಮಶಾನದಾಗ ಆಕೆಯ ಸಮಾಧಿ ಐತಿ.

ಅಪ್ಪನ ಅರ್ಜಿಯಲ್ಲಿ ಆಕೆ ಒಂದು ಕಾರಣ, ರಾಣಿಯ ಕಡೆಯವರಿಗೆ ಆಕೆ ಒಂದು ಪ್ರಯೋಗ. ಪಿಂಚಣಿಯ ಲೆಕ್ಕದಾಗ ಮಕ್ಕಳು ಹಿಂಗ 'ಅವಲಂಬಿತರು' ಅನ್ನೋ ಒಂದು ಕಾಲಮ್ ಆಗಿ ಉಳೀತಾರ. ಇವತ್ತಿನ ವೀಸಾ ಫಾರ್ಮಿನಾಗೂ ಆ ಕಾಲಮ್ ಐತಿ.

ಭಾಗ 6

ಲಂಡನ್ನಿಗೆ ಬಂದ ಮೇಲೆ ರಾಜ ತನ್ನ ಇನ್ನೊಂದು ಕೆಲಸ ಶುರು ಮಾಡಿದ. ಕಂಪನಿ ಮೇಲೆ ಕೋರ್ಟಿಗೆ ಹೋದ. ನನ್ನ ನೋಟು, ನನ್ನ ಬಡ್ಡಿ, ಕೊಡ್ರಿ.

ಧೈರ್ಯ ಮೆಚ್ಚಬೇಕು. ಅವನಿಗೆ ಅನ್ನ ಹಾಕ್ತಿದ್ದದ್ದೂ ಅದೇ ಕಂಪನಿ. ಪಿಂಚಣಿ ಕೊಡೋನ ಮೇಲೇನೇ ಸಾಲದ ದಾವೆ! ಅವನ ವಾದ ಹೆಚ್ಚುಕಡಿಮೆ ಇಂಥದ್ದು: ನೀವು ನನ್ನ ರಾಜ್ಯ ಗೆದ್ದಿರಿ, ಸರಿ. ಆದ್ರ ಈ ನೋಟು ರಾಜ್ಯ ಅಲ್ಲ, ವ್ಯಾಪಾರದ ಸಾಲ. ಸಾಲ ತಗೊಂಡೋರು ತೀರಿಸಬೇಕು. ನಮ್ಮಂಥ ಕಾಮರ್ಸ್ ಮಂದಿ ಯಾರಾದರೂ ಇದನ್ನ ಒಪ್ತೀವಿ.

ದಾವೆ ವರ್ಷಗಟ್ಟಲೆ ಎಳೀತು. 1858ರಲ್ಲಿ ಭಾರತದ ಆಡಳಿತ ಕಂಪನಿ ಕೈಯಿಂದ ರಾಣಿಯ ಸರ್ಕಾರಕ್ಕೆ ಹೋಯ್ತು. 1859ರ ಸೆಪ್ಟೆಂಬರ್‌ನಲ್ಲಿ ರಾಜ ಲಂಡನ್ನಿನಲ್ಲೇ ತೀರಿಕೊಂಡ. 1860ರಲ್ಲಿ ತೀರ್ಪು ಬಂತು. ದಾವೆ ವಜಾ.

ಕಾರಣ ಏನು ಅಂತ ಅರ್ಥ ಮಾಡಿಕೊಳ್ಳಾಕ ನನಗೆ ಎರಡು ದಿನ ಬೇಕಾಯ್ತು, ಕಾನೂನು ಓದೋ ಅಕ್ಕ ಒಬ್ಬರು ತಿಳಿಸಿ ಹೇಳಿದರು. ಕಂಪನಿಗೆ ಎರಡು ವೇಷ. ಒಂದು ವ್ಯಾಪಾರಿ, ಇನ್ನೊಂದು ಆಳುವವ. ಸಾಲ ತಗೊಂಡಿದ್ದು ವ್ಯಾಪಾರಿ ಆಗಿರಬಹುದು. ಆದ್ರ ನೋಟು ಕಿತ್ತುಕೊಂಡಿದ್ದು ಆಳುವವನಾಗಿ, ಇನ್ನೊಬ್ಬ ಆಳುವವನ ಜೊತೆ ಯುದ್ಧ ಮಾಡಿ. ಆಳುವವರ ನಡುವಿನ ಇಂಥ ಕೃತ್ಯ ನ್ಯಾಯವೋ ಅನ್ಯಾಯವೋ ಅಂತ ಕೇಳೋ ಅಧಿಕಾರ ಈ ಕೋರ್ಟಿಗೆ ಇಲ್ಲ. ಇದಕ್ಕೆ ಕಾನೂನಿನ ಭಾಷೆಯಲ್ಲಿ 'ಆ್ಯಕ್ಟ್ ಆಫ್ ಸ್ಟೇಟ್' ಅಂತಾರ. ಹಿಂದಿನ ವರ್ಷ, 1859ರಲ್ಲಿ, ತಂಜಾವೂರು ಅರಮನೆಯ ಆಸ್ತಿ ಬಗ್ಗೆ ಪ್ರಿವಿ ಕೌನ್ಸಿಲ್ ಹೇಳಿದ್ದೂ ಇದೇ. ಕಾನೂನು ಓದೋರು ಕೊಡಗಿನ ರಾಜನ ಕೇಸನ್ನ ಇವತ್ತಿಗೂ ಓದ್ತಾರ.

ತಪ್ಪು ಅಂತ ಕೋರ್ಟ್ ಹೇಳಲಿಲ್ಲ, ಸರಿ ಅಂತಾನೂ ಹೇಳಲಿಲ್ಲ, ನೋಡಿ. ನಾವು ಕೇಳೋ ಹಾಗಿಲ್ಲ ಅಂದಿತು.

ಭಾಗ 7

ಕಮೆಂಟಿನಾಗ ಒಬ್ಬರು ಕೇಳಿದ್ದರು, ಇಂಥವರು ಇನ್ನೂ ಯಾರಿದ್ದರು ಅಂತ. ಇಬ್ಬರದು ಹೇಳಿ ಮುಂದೆ ಹೋಗ್ತೀನಿ.

ದಲೀಪ್ ಸಿಂಗ್. ಪಂಜಾಬಿನ ಕೊನೆಯ ಮಹಾರಾಜ. 1849ರಲ್ಲಿ ಹತ್ತು ವರ್ಷದ ಹುಡುಗನ ಕಡೆಯಿಂದ ಕರಾರಿಗೆ ಸಹಿ ತಗೊಂಡರು: ವರ್ಷಕ್ಕೆ 4 ಲಕ್ಷಕ್ಕೆ ಕಡಿಮೆ ಇಲ್ಲದ, 5 ಲಕ್ಷಕ್ಕೆ ಮೀರದ ಪಿಂಚಣಿ, ಅದೂ ವಿಧೇಯನಾಗಿ ಇದ್ದು ಗವರ್ನರ್ ಜನರಲ್ ತೋರಿಸಿದ ಕಡೆ ವಾಸ ಮಾಡಿದರೆ ಮಾತ್ರ. 1854ರಲ್ಲಿ ಇಂಗ್ಲೆಂಡಿಗೆ ಹೋದ. 1886ರಲ್ಲಿ ಮನೆಮಂದಿ ಕಟ್ಟಿಕೊಂಡು ಭಾರತಕ್ಕೆ ವಾಪಸ್ ಹೊರಟಾಗ ಏಡನ್‌ನಲ್ಲೇ ತಡೆದರು. ತನ್ನ ದೇಶಕ್ಕೆ ಬರೋಕೆ ಅವನಿಗೆ ಒಪ್ಪಿಗೆ ಸಿಗಲಿಲ್ಲ. 1893ರಲ್ಲಿ ಪ್ಯಾರಿಸ್‌ನಲ್ಲಿ ಸತ್ತ.

ಇನ್ನೊಬ್ಬನನ್ನ ಉಲ್ಟಾ ದಾರಿಯಲ್ಲಿ ನಮ್ಮ ಕಡೆಗೇ ತಂದು ಇಟ್ಟಿದ್ದರು. ಬರ್ಮಾದ ರಾಜ ಥೀಬಾ. ಕೊಂಕಣದ ರತ್ನಾಗಿರಿಯಲ್ಲಿ 1886ರಿಂದ 1916ರಲ್ಲಿ ಸಾಯೋ ತನಕ ಇದ್ದ. ಅವನಿಗಾಗಿ ಕಟ್ಟಿಸಿದ ಅರಮನೆ ಇನ್ನೂ ಐತಿ. ಗಣಪತಿಪುಳೆಗೆ ಟ್ರಿಪ್ ಹೋದಾಗ ಬಸ್ ನಿಲ್ಲಿಸಿ ನೋಡ್ರಿ. ಆ ಕಡೆ ದಿಲ್ಲಿಯ ಬಹಾದುರ್ ಷಾನನ್ನ ಬರ್ಮಾದ ರಂಗೂನಿಗೆ ಕಳಿಸಿದ್ದರು, ಈ ಕಡೆ ಬರ್ಮಾದವನನ್ನ ಇಲ್ಲಿಗೆ. ಯಾರನ್ನೂ ಅವರವರ ಮಂದಿಯ ನಡುವೆ ಮುದುಕರಾಗಾಕ ಬಿಡಲಿಲ್ಲ.

ಭಾಗ 8

ಈಗ ಮತ್ತೆ ರಾಮತೀರ್ಥಕ್ಕೆ ಬರೋಣ.

1948ರ ಮಾರ್ಚ್‌ನಲ್ಲಿ ಜಮಖಂಡಿ ಸಂಸ್ಥಾನ ಮುಂಬಯಿ ಪ್ರಾಂತ್ಯದೊಳಗೆ ಸೇರಿತು, ಮುಧೋಳವೂ ಅದೇ ಹೊತ್ತಿಗೆ. ಆಗ ಸಂಸ್ಥಾನದ ದೊರೆಗಳಿಗೆಲ್ಲ ಸರ್ಕಾರ ಕೊಟ್ಟ ಮಾತು ರಾಜಧನ. ಸಂವಿಧಾನದ 291ನೇ ವಿಧಿಯಲ್ಲೇ ಬರೆದಿದ್ದರು: ತೆರಿಗೆ ಇಲ್ಲದ ಹಣ, ವರ್ಷವರ್ಷ. ಮತ್ತೊಂದು ಪಿಂಚಣಿ. ಆದ್ರ ಈ ಸಲ ಎಲ್ಲಿ ಇರಬೇಕು ಅಂತ ಯಾರೂ ಹೇಳಲಿಲ್ಲ. ಅದು ದೊಡ್ಡ ವ್ಯತ್ಯಾಸ.

ಇಂದಿರಾ ಗಾಂಧಿ ಸರ್ಕಾರ ಇದನ್ನ ನಿಲ್ಲಿಸಾಕ ಹೊರಟಾಗ ದೊರೆಗಳು ಸುಪ್ರೀಂ ಕೋರ್ಟಿಗೆ ಹೋದರು. ಅವರ ಪರವಾಗಿ ವಾದ ಮಾಡಿದವರು ಪಾಲ್ಖಿವಾಲಾ. 1970ರ ಡಿಸೆಂಬರ್‌ನಲ್ಲಿ ದೊರೆಗಳು ಗೆದ್ದರು. ಸರ್ಕಾರ ಇಲ್ಲೂ 'ಆ್ಯಕ್ಟ್ ಆಫ್ ಸ್ಟೇಟ್' ಅಂದಿತ್ತು, ಕೊಡಗಿನ ರಾಜನ ಮುಂದೆ ಕಂಪನಿ ಹಿಡಿದ ಅದೇ ಗುರಾಣಿ. ಸ್ವತಂತ್ರ ಭಾರತದ ಕೋರ್ಟ್ ಅದನ್ನ ಒಪ್ಪಲಿಲ್ಲ. ಗೆದ್ದದ್ದು ಒಂದೇ ವರ್ಷ. 1971ರ ಕೊನೆಗೆ 26ನೇ ತಿದ್ದುಪಡಿ ಬಂತು, ರಾಜಧನ ಹೋಯ್ತು. ನನ್ನ ಮಟ್ಟಿಗೆ ಅದು ಹೋದದ್ದು ಸರಿ. ಹುಟ್ಟಿದ ಮನಿ ನೋಡಿ ಸರ್ಕಾರ ಹಣ ಕೊಡೋದು ಯಾಕ? ಆದ್ರ ಕೊಟ್ಟ ಮಾತು ಮುರಿದದ್ದಂತೂ ಹೌದು, ಅದನ್ನ ಅಲ್ಲಗಳೆಯಾಕ ಆಗೋದಿಲ್ಲ.

ಅದೇ 1971ರಲ್ಲಿ ಇನ್ನೊಂದು ತೀರ್ಪು, ಇದರ ಗದ್ದಲದಾಗ ಯಾರಿಗೂ ನೆನಪಿಲ್ಲ. ಬಿಹಾರದ ದೇವಕಿನಂದನ ಪ್ರಸಾದ್ ಅನ್ನೋ ಸರ್ಕಾರಿ ನೌಕರರ ಕೇಸು. ಪಿಂಚಣಿ ಸರ್ಕಾರ ಮನಸ್ಸು ಬಂದಾಗ ಕೊಡೋ ಭಿಕ್ಷೆ ಅಲ್ಲ, ನೌಕರನ ಆಸ್ತಿ ಅಂತ ಸುಪ್ರೀಂ ಕೋರ್ಟ್ ಹೇಳಿತು. 1982ರ ಡಿಸೆಂಬರ್ 17ರಂದು ನಕಾರಾ ಕೇಸಿನಲ್ಲಿ ಇದನ್ನೇ ಇನ್ನೂ ಗಟ್ಟಿ ಮಾಡಿದರು. ಪಿಂಚಣಿದಾರರ ದಿನ ಅಂತ ಆ ದಿನವನ್ನೇ ಮಾಡ್ತಾರ. ದೊರೆಯ ಪಿಂಚಣಿ ಹೋದ ವರ್ಷವೇ ಶಾಲಿ ಮಾಸ್ತರರ ಪಿಂಚಣಿ ಆಸ್ತಿ ಆಯ್ತು! (ಕರ್ನಾಟಕದಲ್ಲಿ 2006ರ ಏಪ್ರಿಲ್ 1ರ ನಂತರ ನೌಕರಿಗೆ ಸೇರಿದವರಿಗೆ ಎನ್‌ಪಿಎಸ್, ಅದು ಬ್ಯಾರೆ ಜಗಳ. ಅದಕ್ಕೊಂದು ಸೀರೀಸ್ ಬೇಕು.)

ಹಂಗಂದ್ರ ಪರದೇಶಕ್ಕೆ ಹೋಗಿ ಕೂತರೆ ಕೊಡೋನ ಹಿಡಿತ ತಪ್ಪುತ್ತದಾ? ಬ್ರಿಟನ್ನಿನ ಸರ್ಕಾರಿ ಪಿಂಚಣಿ ನೋಡ್ರಿ. ಅಲ್ಲಿ ದುಡಿದು ಮುಪ್ಪಿನಾಗ ಭಾರತಕ್ಕೆ ಬಂದು ನೆಲೆಸಿದವರ ಪಿಂಚಣಿ ಬಂದ ದಿನದ ಮೊತ್ತಕ್ಕೇ ನಿಂತುಬಿಡ್ತೈತಿ, ಬೆಲೆ ಏರಿದರೂ ಅದು ಏರೋದಿಲ್ಲ. ಅದೇ ಮನುಷ್ಯ ಅಮೆರಿಕಕ್ಕೋ ಫಿಲಿಪ್ಪೀನ್ಸ್‌ಗೋ ಹೋದರೆ ವರ್ಷಾ ಏರ್ತೈತಿ. ಕೆನಡಾ, ಆಸ್ಟ್ರೇಲಿಯಾಕ್ಕೆ ಹೋದವರದೂ ನಮ್ಮಂಗ ನಿಂತದ್ದೇ. ದಕ್ಷಿಣ ಆಫ್ರಿಕಾದಲ್ಲಿ ನೆಲೆಸಿದ ಒಬ್ಬ ಹೆಣ್ಣುಮಗಳು ಯುರೋಪಿನ ಮಾನವ ಹಕ್ಕು ನ್ಯಾಯಾಲಯದ ತನಕ ಹೋಗಿ 2010ರಲ್ಲಿ ಸೋತರು.

ನಿನ್ನೆ ಬಸ್ಸಿನಾಗ ನಮ್ಮ ಗೆಳೆಯನಿಗೆ ಇಷ್ಟೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮ್ಯಾಲ ಕೇಳಿದ, "ಅಲ್ಲೋ, ಕೊಡಗಿನ ರಾಜ ಆ ನೋಟು ಕಂಪನಿ ಹತ್ರ ಬಿಟ್ಟು ಬ್ಯಾರೆ ಯಾರಾದರೂ ಸಾವುಕಾರನ ಹತ್ರ ಇಟ್ಟಿದ್ದರ?" ನಾನೂ ಅದನ್ನೇ ಯೋಚನೆ ಮಾಡಾಕತ್ತೀನಿ. ನಿಮಗೇನನಿಸ್ತು ಬರೀರಿ. ಮತ್ತ ಜಮಖಂಡಿ, ಮುಧೋಳ ಸಂಸ್ಥಾನದಾಗ ನೌಕರಿ ಮಾಡಿದ ಅಜ್ಜ, ಮುತ್ತಜ್ಜರ ಪೆನ್ಶನ್ ಕಾಗದ ಯಾರ ಮನಿ ಟ್ರಂಕಿನಾಗರ ಇದ್ದರ ಫೋಟೋ ಹೊಡೆದು ಕಳಸ್ರಿ. ಹೆಸರು, ನಂಬರು ಮುಚ್ಚೇ ಹಾಕ್ತೀನಿ.